ಲೆಕ್ಕದ ಮೇಜಿನ ಮುಂದೆ ಆರಾಧನೆ ಸಾಧ್ಯವೇ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾನು ಮಂಗಳೂರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರಲ್ಲಿ ಬೆಳೆದವಳು. ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಬಂದೆ. ಈಗ ಆಸ್ಪತ್ರೆ ಸಲಕರಣೆಗಳನ್ನು ಮಾರುವ ಒಂದು ಖಾಸಗಿ ಸಂಸ್ಥೆಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಬಿಲ್ಲು, ಜಿಎಸ್‌ಟಿ ರಿಟರ್ನು, ಸರಬರಾಜುದಾರರ ಪಾವತಿ, ಇಷ್ಟರಲ್ಲೇ ತಿಂಗಳು ಮುಗಿಯುತ್ತದೆ. ಇತ್ತೀಚೆಗೆ ಒಂದು ಉಪವಾಸ ಕೂಟದಲ್ಲಿ ಪ್ರಸಂಗಿಯವರು, "ಪರಲೋಕದಲ್ಲಿ ನಿಮ್ಮ ಎಕ್ಸೆಲ್ ಶೀಟನ್ನು ಯಾರೂ ಕೇಳುವುದಿಲ್ಲ, ಎಷ್ಟು ಆತ್ಮಗಳನ್ನು ತಂದಿರಿ ಎಂದು ಕೇಳುತ್ತಾರೆ" ಎಂದರು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ನನ್ನ ಅತ್ತೆಯವರು, "ನೀನು ಸಂಪಾದಿಸಿ ದಶಮಾಂಶ ಕೊಡು, ಅದೇ ನಿನ್ನ ಸೇವೆ" ಎನ್ನುತ್ತಾರೆ. ಪ್ರಾರ್ಥನಾ ಗುಂಪಿನ ಗೆಳತಿಯೊಬ್ಬಳು, ಮೇಜಿನ ಮೇಲೆ ಒಂದು ವಾಕ್ಯವನ್ನಾದರೂ ಇಟ್ಟು ಸಾಕ್ಷಿ ಕೊಡಬೇಕು ಎನ್ನುತ್ತಾಳೆ. ಆಯುಧಪೂಜೆಯ ದಿನ ಏನು ಮಾಡಬೇಕೆಂದು ಪ್ರತಿವರ್ಷವೂ ಗೊಂದಲ. ನೌಕರಿ ಬಿಟ್ಟು ಥಿಯಾಲಜಿ ಓದಲು ಹೋಗಬೇಕೇ? ಮನೆಯ ಸಾಲದ ಕಂತು ಇನ್ನೂ ಇದೆ. ವರ್ಷದ ಕೊನೆಯಲ್ಲಿ ಏಪ್ರಿಲ್ ತಿಂಗಳ ಬಿಲ್ಲುಗಳಿಗೆ ಮಾರ್ಚ್ 31ರ ತಾರೀಖು ಹಾಕಲು ಹೇಳುತ್ತಾರೆ, ಅದೂ ಒಂದು ಬೇಸರ. ದಯಮಾಡಿ ಉತ್ತರಿಸಿ.

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ನೀವು ಮಾಡುವ ಕೆಲಸ ದೇವರ ಕರೆಯೇ, ಅಲ್ಲವೇ ಎಂಬುದು ಒಂದು. ಕರೆಯಾಗಿದ್ದರೆ ಅದರೊಳಗೆ ಆರಾಧನೆ ಹೇಗೆ ಎಂಬುದು ಎರಡನೆಯದು. ಮೂರನೆಯದನ್ನು ನೀವು ಕೊನೆಯ ಸಾಲಿನಲ್ಲಿ "ಅದೂ ಒಂದು ಬೇಸರ" ಎಂದು ಸೇರಿಸಿ ಮುಗಿಸಿದ್ದೀರಿ. ಸಭಾಪಾಲಕನಾಗಿಯೂ ಆನಂತರ ಕ್ರೈಸ್ತ ನೀತಿಶಾಸ್ತ್ರದ ಅಧ್ಯಾಪಕನಾಗಿಯೂ ದುಡಿಯುವ ಜನರೊಡನೆ ಮಾತನಾಡುತ್ತ ಬಂದ ನನಗೆ, ಕೆಲಸದಲ್ಲಿ ಅರ್ಥವೇ ಕಾಣುತ್ತಿಲ್ಲ ಎನ್ನುವವರಲ್ಲಿ ಅನೇಕರು ಕೆಲಸ ಸಣ್ಣದೆಂಬ ಕಾರಣಕ್ಕೆ ನೊಂದವರಲ್ಲ ಎಂಬುದು ಕಂಡುಬಂದಿದೆ. ಆ ಕೆಲಸದ ಯಾವುದೋ ಒಂದು ಭಾಗವನ್ನು ಅವರಿಂದ ಗೌರವಿಸಲು ಆಗುತ್ತಿರುವುದಿಲ್ಲ. ಆದ್ದರಿಂದ ಆ ಕೊನೆಯ ಸಾಲನ್ನು ನಾನು ಹಗುರವಾಗಿ ಓದಲಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಪ್ರಸಂಗಿಯವರ ಮಾತು. ಸುವಾರ್ತೆ ಸಾರುವುದು ಸಭೆಯ ಕರ್ತವ್ಯ ಎಂಬುದರಲ್ಲಿ ಸಂದೇಹವಿಲ್ಲ. ಆದರೆ "ಪೂರ್ಣಾವಧಿ ಸೇವೆ" ಒಂದೇ ದೇವರ ಕರೆ, ಉಳಿದದ್ದೆಲ್ಲ ಹೊಟ್ಟೆಪಾಡು ಎಂಬ ಭಾವನೆಗೆ ಸತ್ಯವೇದದಲ್ಲಿ ಆಧಾರವಿಲ್ಲ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಮನುಷ್ಯನಿಗೆ ತೋಟವನ್ನು ವ್ಯವಸಾಯ ಮಾಡಿ ಕಾಯುವ ಕೆಲಸ ಸಿಕ್ಕಿದ್ದು ಪಾಪ ಪ್ರವೇಶಿಸುವುದಕ್ಕೆ ಮೊದಲು. ಮುಳ್ಳುಗಿಡ, ಕಳೆ, ಬೆವರು ಬಂದದ್ದು ಆಮೇಲೆ. ಹೀಗಾಗಿ ದುಡಿಮೆಯೇ ಶಾಪ ಎನ್ನುವುದು ತಪ್ಪು. ದುಡಿಮೆಗೆ ಶಾಪ ತಗುಲಿದೆ ಎನ್ನುವುದು ಸರಿ. ವಿಮೋಚನಕಾಂಡದ 31ನೆಯ ಅಧ್ಯಾಯದಲ್ಲಿ ದೇವರ ಆತ್ಮವು ತುಂಬಿತೆಂದು ಹೇಳಿರುವುದು ಬೆಚಲೇಲನೆಂಬ ಕುಶಲಕರ್ಮಿಯ ಬಗ್ಗೆ: ಬಂಗಾರ, ಬೆಳ್ಳಿ, ತಾಮ್ರದಲ್ಲಿ ಕೆತ್ತುವುದಕ್ಕೂ ಮರದ ಕೆಲಸ ಮಾಡುವುದಕ್ಕೂ ಬೇಕಾದ ಜಾಣ್ಮೆಯನ್ನು ಅಲ್ಲಿ ಆತ್ಮದ ವರವಾಗಿ ಎಣಿಸಲಾಗಿದೆ. ನಮ್ಮ ಕರ್ತನಾದ ಯೇಸುವನ್ನು ಊರಿನವರು ಗುರುತಿಸಿದ್ದು ಬಡಗಿಯೆಂದು. ಪೌಲನು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಗುಡಾರ ಮಾಡುವ ಕಸುಬನ್ನು ನಡೆಸಿದನು. ಎಫೆಸದ ಹಿರಿಯರನ್ನು ಬೀಳ್ಕೊಡುವಾಗ ತನ್ನ ಕೈಗಳನ್ನೇ ತೋರಿಸಿ, ಇವೇ ನನ್ನ ಕೊರತೆಗಳನ್ನೂ ನನ್ನ ಜೊತೆಗಾರರ ಕೊರತೆಗಳನ್ನೂ ನೀಗಿದವು ಎಂದನು. ಆ ಗುಡಾರಗಳನ್ನು ಪೌಲನ ಬದುಕಿನಿಂದ ಕಳೆದರೆ ಅವನ ಸೇವೆಯ ಅರ್ಧ ಕಥೆಯೇ ಉಳಿಯುವುದಿಲ್ಲ.

ಹಾಗಿದ್ದರೆ ಈ ಮೇಲು-ಕೀಳು ಎಲ್ಲಿಂದ ಬಂತು? ನಾಲ್ಕನೆಯ ಶತಮಾನದಲ್ಲಿ ಕೈಸರೈಯದ ಯೂಸೆಬಿಯಸ್ ಕ್ರೈಸ್ತ ಜೀವನಕ್ಕೆ ಎರಡು ದಾರಿಗಳಿವೆಯೆಂದು ಬರೆದರು. ಮದುವೆ, ಆಸ್ತಿ, ವ್ಯಾಪಾರಗಳನ್ನು ಬಿಟ್ಟು ದೇವರ ಸೇವೆಗೆ ಮೀಸಲಾಗುವುದು ಮೇಲಿನ ದಾರಿ. ಬೇಸಾಯ, ವ್ಯಾಪಾರ, ಸಂಸಾರ ಮಾಡಿಕೊಂಡಿರುವುದು ಎರಡನೆಯ ದರ್ಜೆಯ ದಾರಿ. ಮಠಗಳು ಬೆಳೆದಂತೆ ಈ ವಿಂಗಡಣೆ ಗಟ್ಟಿಯಾಯಿತು. ಆದರೆ ಮಠಗಳೆಲ್ಲ ದುಡಿಮೆಯನ್ನು ಕೀಳೆಂದವು ಎಂದು ಹೇಳಿದರೆ ಅನ್ಯಾಯವಾದೀತು. ಆರನೆಯ ಶತಮಾನದ ಬೆನೆಡಿಕ್ಟರ ಮಠನಿಯಮದಲ್ಲಿ ಉಗ್ರಾಣದ ಮೇಲ್ವಿಚಾರಕನಿಗೆ ಒಂದು ಸೂಚನೆಯಿದೆ: ಮಠದ ಎಲ್ಲ ಪಾತ್ರೆ ಪರಡಿಗಳನ್ನೂ ಸೊತ್ತನ್ನೂ ಬಲಿಪೀಠದ ಪವಿತ್ರ ಪಾತ್ರೆಗಳಂತೆಯೇ ನೋಡಿಕೊಳ್ಳಬೇಕು. ನಿಮ್ಮಂತೆ ದಾಸ್ತಾನು, ಲೆಕ್ಕ ನೋಡುವವರಿಗೆ ಇದಕ್ಕಿಂತ ಹತ್ತಿರದ ಮಾತು ಸಿಕ್ಕುವುದು ಕಷ್ಟ. 1520ರಲ್ಲಿ ಸಭೆಯ ಸುಧಾರಕರಾದ ಮಾರ್ಟಿನ್ ಲೂಥರ್ ಅವರು, ಗುರುಗಳು, ರೈತರು, ಕಮ್ಮಾರರು ಎಂಬ ಆತ್ಮಿಕ ಅಂತಸ್ತುಗಳ ಭೇದವನ್ನೇ ಒಪ್ಪದೆ, ದೀಕ್ಷಾಸ್ನಾನ ಪಡೆದವರೆಲ್ಲರೂ ಒಂದೇ ಯಾಜಕವರ್ಗ ಎಂದು ಬರೆದರು. ಅಂದಹಾಗೆ, ಚಪ್ಪಲಿ ಹೊಲಿಯುವ ಕ್ರೈಸ್ತನು ಚಪ್ಪಲಿಯ ಮೇಲೆ ಶಿಲುಬೆ ಕೆತ್ತುವುದು ಬೇಡ, ಒಳ್ಳೆಯ ಚಪ್ಪಲಿ ಹೊಲಿದರೆ ಸಾಕು ಎಂಬ ಮಾತನ್ನು ಲೂಥರರ ಹೆಸರಿನಲ್ಲಿ ಉಪದೇಶಗಳಲ್ಲಿ ನೀವು ಕೇಳಿರುತ್ತೀರಿ. ಆ ಮಾತು ಅವರ ಬರಹಗಳಲ್ಲಿ ಇಲ್ಲ. ಅಭಿಪ್ರಾಯ ಅವರದಕ್ಕೆ ಹೊಂದುತ್ತದೆ, ಅಷ್ಟೇ.

ನಮ್ಮ ಕರಾವಳಿಯ ಸಭೆಗಳ ಚರಿತ್ರೆಯಂತೂ ಈ ಪ್ರಶ್ನೆಯ ನಡುವೆಯೇ ಹುಟ್ಟಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದದ್ದು ಸುವಾರ್ತೆ ಸಾರಲು, ಕಾರ್ಖಾನೆ ಕಟ್ಟಲಲ್ಲ. ಆದರೆ ಕ್ರೈಸ್ತರಾದವರು ಜಾತಿಯಿಂದ ಹೊರಬಿದ್ದರು, ಅನೇಕರಿಗೆ ಒಕ್ಕಲುತನ ಹೋಯಿತು, ಮೂರ್ತೆಯ (ಸೇಂದಿ ಇಳಿಸುವ) ಕಸುಬನ್ನು ಮಿಷನ್ನೇ ಒಪ್ಪಲಿಲ್ಲ. ದೀಕ್ಷಾಸ್ನಾನವಾದ ಮರುದಿನ ಉಣ್ಣುವುದೇನು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಅವರು 1841ರಲ್ಲಿ ತೆರೆದ ಮುದ್ರಣಾಲಯದ ಜೊತೆಗೆ ನೇಯ್ಗೆಯನ್ನೂ, 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಅವರ ಮೂಲಕ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿದರು. ವ್ಯಾಪಾರ, ಲಾಭ ಎಂಬುದು ಮಿಷನ್ನಿಗೆ ತಕ್ಕದ್ದೇ ಎಂಬ ಚರ್ಚೆ ಅವರೊಳಗೇ ಇತ್ತು. 1859ರಲ್ಲಿ ವ್ಯಾಪಾರಕ್ಕೆಂದೇ ಬೇರೆ ಕಂಪನಿಯನ್ನು ಸ್ಥಾಪಿಸಿದ್ದರಲ್ಲಿ ಆ ಸಂಕೋಚ ಕಾಣುತ್ತದೆ. ಹಳೆಯ ಹೆಂಚನ್ನು ಮಗುಚಿ ನೋಡಿದರೆ ಬೆನ್ನಿನಲ್ಲಿ ಮಿಷನ್ನಿನ ಹೆಸರು ಅಚ್ಚೊತ್ತಿರುತ್ತದೆ. ವಾಕ್ಯ ಇರುವುದಿಲ್ಲ. ಮಳೆಗಾಲದಲ್ಲಿ ಸೋರದೆ ಇರುವುದೇ ಆ ಹೆಂಚಿನಿಂದ ಬೇಕಾಗಿದ್ದದ್ದು, ಕ್ರೈಸ್ತನ ಮನೆಗೂ ಇತರರ ಮನೆಗೂ. ಈ ಚರಿತ್ರೆಗೆ ಇನ್ನೊಂದು ಮುಖವೂ ಇದೆ. ಗುರುಗಳು, ಧಣಿಗಳು, ಮನೆಯ ಜಾಗ ಕೊಟ್ಟವರು ಎಲ್ಲರೂ ಒಂದೇ ಮಿಷನ್ನಿನವರಾದ್ದರಿಂದ ಕೂಲಿಯ ಬಗ್ಗೆ ದೂರುವವನು ಸಭೆಗೇ ಎದುರಾದಂತೆ ಆಗುವ ಇಕ್ಕಟ್ಟು ಅಲ್ಲಿತ್ತು. ಭಕ್ತಿಯೂ ಸಂಬಳವೂ ಒಂದೇ ಕೈಯಿಂದ ಬಂದರೆ ಆಗುವ ತೊಂದರೆಯನ್ನು ಇಂದಿನ ನಮ್ಮ ಸಂಸ್ಥೆಗಳೂ ಪೂರ್ತಿ ಕಳೆದುಕೊಂಡಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. "ಯಾವ ಸ್ಥಿತಿಯಲ್ಲಿ ಕರೆಯಲ್ಪಟ್ಟಿರೋ ಅದರಲ್ಲೇ ಇರಿ" ಎಂಬ ಪೌಲನ ಮಾತನ್ನು ಹಿಡಿದು, ಲೂಥರರೂ ಸೇರಿದಂತೆ ಅನೇಕರು ಜನರನ್ನು ಹುಟ್ಟಿದ ಅಂತಸ್ತಿನಲ್ಲೇ ಕಟ್ಟಿಹಾಕುವ ಉಪದೇಶ ಮಾಡಿದ್ದಾರೆ. ಕಸುಬು ಜಾತಿಗೆ ಅಂಟಿಕೊಂಡಿರುವ ನಮ್ಮ ನಾಡಿನಲ್ಲಿ ಆ ಉಪದೇಶ ವಿಷವಾಗುತ್ತದೆ. ಆದರೆ ಪೌಲನು ಅದೇ ಉಸಿರಿನಲ್ಲಿ, ದಾಸನಿಗೆ ಬಿಡುಗಡೆಯಾಗುವ ಅವಕಾಶ ಸಿಕ್ಕಿದರೆ ಅದನ್ನು ಬಳಸಿಕೊಳ್ಳಲಿ ಎಂದೂ ಹೇಳಿದ್ದಾನೆ. ಮಲಗುಂಡಿಗೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದ ಮೇಲೂ ಇಳಿಸುವವರಿದ್ದಾರೆ; ಹಾಗೆ ಇಳಿದವನಿಗೆ ಕೆಲಸವೇ ಆರಾಧನೆಯೆಂದು ಬೋಧಿಸುವ ಹಕ್ಕು ನಮಗಿಲ್ಲ. ಅವನ ಪಾಲಿಗೆ ದೇವರ ಮಾತು ಐಗುಪ್ತದ ಇಟ್ಟಿಗೆ ಗೂಡುಗಳಲ್ಲಿ ನರಳಿದವರಿಗೆ ಹೇಳಿದ ಮಾತೇ: ಮೊರೆ ಕೇಳಿದ್ದೇನೆ, ಬಿಡಿಸಲು ಬಂದಿದ್ದೇನೆ. ಕಾಯಕವೇ ಕೈಲಾಸ ಎಂಬ ಮಾತು ಹುಟ್ಟಿದ ಈ ನೆಲದಲ್ಲಿ ಶರಣರೂ ಕಾಯಕವನ್ನು ಎತ್ತಿಹಿಡಿದದ್ದು ಮೇಲು-ಕೀಳನ್ನು ಒಪ್ಪಿಕೊಳ್ಳಲಲ್ಲ, ಮುರಿಯಲು. ದುಡಿಮೆಯನ್ನು ಹೊಗಳುವ ಯಾವುದೇ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಮೊದಲು ನೋಡಬೇಕು.

ಇನ್ನು ನಿಮ್ಮ ಮೇಜಿಗೆ ಬರೋಣ. ನಿಮ್ಮ ಅತ್ತೆಯವರ ಮಾತಿನಲ್ಲಿ ಪ್ರೀತಿಯೂ ವಿವೇಕವೂ ಇದೆ, ಆದರೆ ಅದು ಕೆಲಸವನ್ನು ಅದರ ಸಂಬಳಕ್ಕೆ ಇಳಿಸುತ್ತದೆ. ಹತ್ತರಲ್ಲಿ ಒಂದು ಪಾಲು ದೇವರದು, ಉಳಿದ ಒಂಬತ್ತು ಪಾಲು ಹೇಗೆ ಬಂತೆಂದು ಕೇಳುವವರಿಲ್ಲ ಎಂಬ ಅರ್ಥ ಅದರಿಂದ ಹೊರಟರೆ ಕಷ್ಟ. ಪ್ರವಾದಿಯಾದ ಆಮೋಸನು ಬೈದದ್ದು ಕಾಣಿಕೆ ಕೊಡದವರನ್ನಲ್ಲ. ಹಬ್ಬ, ಕಾಣಿಕೆಗಳನ್ನು ತಪ್ಪದೆ ನಡೆಸುತ್ತ, ಸಬ್ಬತ್ತು (ವಾರದ ವಿಶ್ರಾಂತಿಯ ದಿನ) ಯಾವಾಗ ಮುಗಿದೀತು, ಅಳತೆ ಕಿರಿದುಮಾಡಿ ಧಾನ್ಯ ಮಾರೋಣ ಎಂದು ಕಾದು ಕುಳಿತವರನ್ನು.

ನಿಮ್ಮ ಬೇಸರಕ್ಕೆ ಒಂದು ಕಾರಣ, ನನ್ನ ತಿಳಿವಳಿಕೆಯಲ್ಲಿ, ದೂರ. ದಾದಿಗೆ ರೋಗಿಯ ಮುಖ ಕಾಣುತ್ತದೆ, ಶಿಕ್ಷಕಿಗೆ ಮಗುವಿನದು. ಲೆಕ್ಕ ಬರೆಯುವವರಿಗೆ ಕಾಣುವುದು ಅಂಕಿ ಮಾತ್ರ, ಆ ಅಂಕಿಯ ಆಚೆಗಿರುವ ನೆರೆಯವನು ಕಾಣುವುದಿಲ್ಲ. ಆದರೆ ಅವನು ಇದ್ದಾನೆ. ನಿಮ್ಮ ಪಾವತಿ ಪಟ್ಟಿಯನ್ನೇ ತೆಗೆದುಕೊಳ್ಳಿ. ಪೀಣ್ಯದ ಕಡೆ ರಟ್ಟಿನ ಪೆಟ್ಟಿಗೆ ಮಾಡಿಕೊಡುವ ಒಬ್ಬ ಸಣ್ಣ ಸರಬರಾಜುದಾರನಿದ್ದಾನೆ ಎಂದುಕೊಳ್ಳಿ. ಅವನ ಬಿಲ್ಲಿನಲ್ಲಿ 500 ಪೆಟ್ಟಿಗೆ, ನಿಮ್ಮ ಗೋದಾಮಿನ ಸ್ವೀಕೃತಿ ಚೀಟಿಯಲ್ಲಿ 480. ಇಪ್ಪತ್ತು ಪೆಟ್ಟಿಗೆ ಒದ್ದೆಯಾಗಿ ವಾಪಸು ಹೋಗಿರಬಹುದು, ಎಣಿಕೆಯೇ ತಪ್ಪಿರಬಹುದು. ಆ ವ್ಯತ್ಯಾಸಕ್ಕಾಗಿ ಇಡೀ ಬಿಲ್ಲು "ಪೆಂಡಿಂಗ್" ಎಂದು ಬಿದ್ದಿರುತ್ತದೆ. ಗೋದಾಮಿಗೆ ಒಂದು ಫೋನು ಮಾಡಿ, ಇಪ್ಪತ್ತರ ಮೊತ್ತ ಕಳೆಯುವ ಕ್ರೆಡಿಟ್ ನೋಟ್ ತರಿಸಿಕೊಂಡು, ಉಳಿದದ್ದನ್ನು ಈ ವಾರದ ಪಾವತಿಗೆ ಸೇರಿಸಲು ನಿಮಗೆ ಅರ್ಧ ಗಂಟೆ ಬೇಕು. ನೀವು ಆ ಅರ್ಧ ಗಂಟೆ ಕೊಡದಿದ್ದರೆ ಶನಿವಾರ ಅವನು ತನ್ನ ನಾಲ್ಕು ಮಂದಿ ಕೆಲಸಗಾರರಿಗೆ ಬಟವಾಡೆ ಮಾಡಲು ಬಡ್ಡಿಗೆ ಸಾಲ ತರಬೇಕಾಗುತ್ತದೆ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು, ಅವನು ಬಡವನು, ಅದರ ಮೇಲೆಯೇ ಮನಸ್ಸಿಟ್ಟಿರುತ್ತಾನೆ ಎಂದು ಧರ್ಮೋಪದೇಶಕಾಂಡ ಹೇಳುವುದು ನಿಮ್ಮ ಕಂಪ್ಯೂಟರಿನ ಆ ಒಂದು ಸಾಲಿನ ಬಗ್ಗೆಯೇ. ತಡೆಹಿಡಿದ ಕೂಲಿ ಕೂಗುತ್ತದೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ ಎಂದು ಯಾಕೋಬನು ಬರೆದದ್ದೂ ಅದನ್ನೇ.

ಇದರಲ್ಲಿ ದೇಶದ ಕಾನೂನೂ ನಿಮ್ಮ ಪಕ್ಕದಲ್ಲಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯಂತೆ ನೋಂದಾಯಿತ ಸಣ್ಣ ಉದ್ದಿಮೆಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದೆ ಹಣ ಕೊಡಬೇಕು. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. 2023-24ರ ಹಣಕಾಸು ವರ್ಷದಿಂದ, ಗಡುವು ಮೀರಿ ಬಾಕಿ ಉಳಿಸಿಕೊಂಡ ಅಂಥ ಮೊತ್ತವನ್ನು ಕೊಡುವ ತನಕ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲೂ ಬರುವುದಿಲ್ಲ. ಇದನ್ನು ಮುಂದಿಟ್ಟರೆ ಮ್ಯಾನೇಜರರು ವೇದವಾಕ್ಯಕ್ಕಿಂತ ಬೇಗ ಕಿವಿಗೊಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಹಾಗೆಯೇ 11ನೆಯ ತಾರೀಖಿನೊಳಗೆ ನೀವು ಸಲ್ಲಿಸುವ ಮಾರಾಟದ ವಿವರಪಟ್ಟಿಯಾದ ಜಿಎಸ್‌ಟಿಆರ್-1ರಲ್ಲಿ ಒಬ್ಬ ಗ್ರಾಹಕರ ಬಿಲ್ಲು ಬಿಟ್ಟುಹೋದರೆ ಅವರಿಗೆ ಆ ತಿಂಗಳ ತೆರಿಗೆ ಜಮೆ ಸಿಗದೆ ಕೈಯಿಂದ ಕಟ್ಟಬೇಕಾಗುತ್ತದೆ. ಯಾರ ಕಣ್ಣಿಗೂ ಬೀಳದ ಈ ನಿಷ್ಠೆಯೇ ನಿಮ್ಮ ಕೆಲಸದಲ್ಲಿರುವ ಆರಾಧನೆ ಎಂದು ನಾನು ನಂಬುತ್ತೇನೆ. ಕೆಲಸದ ಮೇಲೆ ಪ್ರಾರ್ಥನೆಯನ್ನು ಲೇಪಿಸುವುದರಿಂದ ಅದು ಹುಟ್ಟುವುದಿಲ್ಲ. ನಿಮ್ಮ ಕೆಲಸ ಯಾರನ್ನು ತಾಗುತ್ತದೋ ಅವರನ್ನು ಹೇಗೆ ತಾಗುತ್ತದೆ ಎಂಬುದರಲ್ಲಿ ಅದು ಇದೆ.

ಹಾಗೆಂದು ಪ್ರಾರ್ಥನೆ ಬೇಡವೆಂದಲ್ಲ. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಒಂದು ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಅವರನ್ನು ನಮ್ಮ ಸಭೆಗಳಲ್ಲಿ ಆಗಾಗ ನೆನೆಯುತ್ತಾರೆ. ಪಾತ್ರೆಗಳ ಗದ್ದಲದ ನಡುವೆಯೂ ದೇವರೊಡನೆ ಸಂಭಾಷಿಸುತ್ತಿದ್ದರೆಂದು ಹೇಳುತ್ತಾರೆ. ಅವರಿಗೆ ಅಡುಗೆ ಕೆಲಸ ಸ್ವಭಾವತಃ ಇಷ್ಟವಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಇಷ್ಟವಿಲ್ಲದಿರುವುದು ಕರೆ ಇಲ್ಲವೆಂಬುದಕ್ಕೆ ಗುರುತಲ್ಲ. ದೀರ್ಘ ಪ್ರಾರ್ಥನೆಗೆ ಕಚೇರಿ ಸಮಯ ನಿಮ್ಮದಲ್ಲ, ಅದು ಸಂಬಳ ಕೊಡುವವರದು. ಕಂಪ್ಯೂಟರ್ ತೆರೆಯುವ ಮುಂಚೆ 90ನೆಯ ಕೀರ್ತನೆಯ ಕೊನೆಯ ಮಾತಿನಂತೆ, ನಮ್ಮ ಕೈಕೆಲಸವನ್ನು ಸಫಲಪಡಿಸು ಎಂದು ಕೇಳಿಕೊಂಡು, ಅಂದಿನ ಪಾವತಿ ಪಟ್ಟಿಯಲ್ಲಿರುವ ಒಂದೆರಡು ಹೆಸರುಗಳನ್ನು ಮನಸ್ಸಿನಲ್ಲಿ ನೆನೆದರೆ ಸಾಕು. ಇದನ್ನು ಮಾಡಿ ನೋಡಿದ ಕೆಲವರು, ಪ್ರಾರ್ಥಿಸಿದ ಹೆಸರಿನ ಬಿಲ್ಲನ್ನು ಸುಮ್ಮನೆ ಬದಿಗಿಡುವುದು ತಮ್ಮಿಂದ ಆಗುವುದಿಲ್ಲವೆಂದು ನನಗೆ ಹೇಳಿದ್ದಾರೆ.

ಒಂದು ತಪ್ಪು ತಿಳಿವಳಿಕೆ ಇದರ ಬೆನ್ನಿಗೇ ಬರುತ್ತದೆ: ಕೆಲಸವೇ ಆರಾಧನೆಯಾದರೆ ಭಾನುವಾರವೂ ದುಡಿಯಬಹುದಲ್ಲ ಎಂಬುದು. ಬೆಂಗಳೂರಿನ ವಿದ್ಯಾವಂತ ಕ್ರೈಸ್ತರಲ್ಲಿ ಇದು ಹೆಚ್ಚು. ಧರ್ಮೋಪದೇಶಕಾಂಡವು ಸಬ್ಬತ್ತಿಗೆ ಕೊಡುವ ಕಾರಣ, ನೀವು ಐಗುಪ್ತದಲ್ಲಿ ದಾಸರಾಗಿದ್ದಿರಿ ಎಂಬುದು. ದಾಸನಿಗೆ ರಜೆಯಿಲ್ಲ, ಬಿಡುವು ತೆಗೆದುಕೊಳ್ಳುವುದೇ ತಾನು ದಾಸನಲ್ಲ ಎಂಬುದರ ಒಪ್ಪಿಗೆ. ವರ್ಷಾಂತ್ಯದಲ್ಲಿ ಒಂದೆರಡು ಭಾನುವಾರ ಕಚೇರಿಗೆ ಹೋಗಬೇಕಾಗಿ ಬಂದರೆ ಅದಕ್ಕಾಗಿ ಮನಸ್ಸು ಕೆಡಿಸಿಕೊಳ್ಳಬೇಡಿ, ಬೇರೆ ದಿನ ಬಿಡುವು ಕೇಳಿ. ಆದರೆ ಅದೇ ವಾಡಿಕೆಯಾದರೆ ನಿಮ್ಮ ಭಕ್ತಿಯಷ್ಟೇ ನಿಮ್ಮ ಆರೋಗ್ಯವೂ ಹಾಳಾಗುತ್ತದೆ. ನಿದ್ದೆ, ಹಸಿವು ಕೆಟ್ಟು, ಮನೆಯಲ್ಲಿಯೂ ಯಾವುದರಲ್ಲಿಯೂ ಆಸಕ್ತಿ ಹುಟ್ಟದೆ ವಾರಗಟ್ಟಲೆ ಕಳೆಯುತ್ತಿದ್ದರೆ ಅದನ್ನು ಆತ್ಮಿಕ ಬರವೆಂದು ಕರೆದು ಇನ್ನೊಂದು ಉಪವಾಸ ಕೂಟಕ್ಕೆ ಹೋಗುವ ಬದಲು ವೈದ್ಯರನ್ನು ಕಾಣಿ.

ಮೇಜಿನ ಮೇಲಿನ ವಾಕ್ಯದ ವಿಷಯ ಚಿಕ್ಕದು. ಇಡಬೇಕೆನಿಸಿದರೆ ಇಡಿ, ಬೇಡವೆನಿಸಿದರೆ ಬೇಡ. ವಾಕ್ಯವಿರುವ ಮೇಜಿನಿಂದ ಸುಳ್ಳು ಬಿಲ್ಲು ಹೊರಟರೆ ಮಾತ್ರ ಅದು ಇಲ್ಲದಿದ್ದರೇ ಚೆನ್ನಾಗಿತ್ತು ಎಂದಾಗುತ್ತದೆ. ಯಾರಾದರೂ ನಿಮ್ಮ ನಂಬಿಕೆಯ ಬಗ್ಗೆ ಕೇಳಿದರೆ ಊಟದ ಸಮಯದಲ್ಲಿ ಸಂಕೋಚವಿಲ್ಲದೆ ಹೇಳಿ. ಕೆಳಗಿನ ಸಿಬ್ಬಂದಿ ನಿಮ್ಮ ಅಧಿಕಾರಕ್ಕೆ ಅಂಜಿ ಕೇಳಿಸಿಕೊಳ್ಳಬೇಕಾದ ಸಂದರ್ಭವನ್ನು ಮಾತ್ರ ತಂದುಕೊಳ್ಳಬೇಡಿ.

ಆಯುಧಪೂಜೆಯ ಬಗ್ಗೆ ಕ್ರೈಸ್ತರಲ್ಲಿಯೇ ಒಮ್ಮತವಿಲ್ಲ, ಆದ್ದರಿಂದ ನನ್ನ ಅಭಿಪ್ರಾಯವನ್ನು ಅಭಿಪ್ರಾಯವೆಂದೇ ತೆಗೆದುಕೊಳ್ಳಿ. ಎರಡನೆಯ ಅರಸುಗಳು ಪುಸ್ತಕದಲ್ಲಿ ಕುಷ್ಠ ವಾಸಿಯಾದ ನಾಮಾನನು ಎಲೀಷನಿಗೆ ಒಂದು ಪ್ರಶ್ನೆ ಹಾಕುತ್ತಾನೆ: ನನ್ನ ಅರಸನು ನನ್ನ ಕೈಹಿಡಿದುಕೊಂಡು ರಿಮ್ಮೋನನ ಗುಡಿಯಲ್ಲಿ ಬಾಗುವಾಗ ನಾನೂ ಬಾಗಬೇಕಾಗುತ್ತದೆ, ಯೆಹೋವನು ಅದನ್ನು ಕ್ಷಮಿಸಲಿ. ಎಲೀಷನು ಉಪನ್ಯಾಸ ಕೊಡಲಿಲ್ಲ, ಸಮಾಧಾನದಿಂದ ಹೋಗು ಎಂದನು. ಕಚೇರಿ ಒರೆಸಿ ಗುಡಿಸಿ ಮಾವಿನೆಲೆ ಕಟ್ಟುವಾಗ ಜೊತೆಗೆ ಕೈಹಾಕುವುದು, ಸಿಹಿ ಹಂಚುವಾಗ ಸಹೋದ್ಯೋಗಿಗಳ ಸಂತೋಷದಲ್ಲಿ ನಗುನಗುತ್ತ ಇರುವುದು ನಂಬಿಕೆಗೆ ಕುಂದಲ್ಲ. ಆರತಿ ಎತ್ತಲು ಅಥವಾ ಪೂಜೆಯನ್ನು ನೀವೇ ನಡೆಸಲು ಕರೆದರೆ, "ನೀವು ಮಾಡಿ, ನಾನು ಇಲ್ಲೇ ಇದ್ದೇನೆ" ಎಂದು ಮೆಲ್ಲಗೆ ಹೇಳಬಹುದು. ನಮ್ಮ ನಾಡಿನಲ್ಲಿ ಇಷ್ಟಕ್ಕೆ ಮುನಿಸಿಕೊಳ್ಳುವವರು ಕಡಿಮೆ. ಪ್ರಸಾದದ ವಿಷಯದಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಎಂಟು ಮತ್ತು ಹತ್ತನೆಯ ಅಧ್ಯಾಯಗಳನ್ನು ಓದಿ ನಿಮ್ಮ ಮನಸ್ಸಾಕ್ಷಿಯಂತೆ ನಡೆಯಿರಿ. ನನಗೆ ಸೋಜಿಗವಾಗುವುದು ಬೇರೆಯದೇ ಸಂಗತಿ: ಕಂಪ್ಯೂಟರಿಗೆ ಇಟ್ಟ ಕುಂಕುಮದ ಬಗ್ಗೆ ರಾತ್ರಿಯೆಲ್ಲ ನಿದ್ದೆಗೆಡುವ ನಮ್ಮವರು ಅದೇ ಕಂಪ್ಯೂಟರಿನಲ್ಲಿ ಹಾಕಿದ ಹಳೆಯ ತಾರೀಖಿನ ಬಗ್ಗೆ ಸಭಾಪಾಲಕರನ್ನು ಕೇಳುವುದೇ ಇಲ್ಲ. ನೀವು ಕೇಳಿದ್ದೀರಿ.

ಆ ತಾರೀಖಿನ ವಿಷಯ ಹೀಗಿದೆ. ಮಾರಾಟದ ಗುರಿ ಮುಟ್ಟಿತೆಂದು ತೋರಿಸಲು ಏಪ್ರಿಲ್ ಮೊದಲ ವಾರದ ಬಿಲ್ಲಿಗೆ ಮಾರ್ಚ್ 31 ಎಂದು ಹಾಕುವುದು "ಎಲ್ಲ ಕಡೆ ನಡೆಯುವುದು" ಎನ್ನುತ್ತಾರೆ. ನಡೆಯುವುದು ನಿಜ, ಅದು ಸುಳ್ಳು ದಾಖಲೆ ಎಂಬುದೂ ನಿಜ. ಸ್ನಾನಿಕನಾದ ಯೋಹಾನನ ಬಳಿಗೆ ಸುಂಕದವರು ಬಂದಾಗ ಅವನು ಅವರಿಗೆ ಕೆಲಸ ಬಿಡಿ ಎನ್ನಲಿಲ್ಲ. ನೇಮಕವಾದದ್ದಕ್ಕಿಂತ ಹೆಚ್ಚು ಕೇಳಬೇಡಿ ಎಂದನು. ನಿಮಗೂ ಮೊದಲ ದಾರಿ ಅದೇ: ಇದ್ದಲ್ಲೇ ಇದ್ದು ಆ ಒಂದು ಕೆಲಸಕ್ಕೆ ಮಾತ್ರ ಇಲ್ಲವೆನ್ನುವುದು. ಇಲ್ಲವೆನ್ನುವಾಗ ಧರ್ಮದ ಭಾಷೆಗಿಂತ ನಿಮ್ಮ ವೃತ್ತಿಯ ಭಾಷೆ ಚೆನ್ನಾಗಿ ಕೆಲಸ ಮಾಡುತ್ತದೆ. ಸರಕು ಸಾಗಿದ ಇ-ವೇ ಬಿಲ್ಲಿನ ತಾರೀಖು ಏಪ್ರಿಲ್ಲಿನದಾಗಿದ್ದು ಇನ್‌ವಾಯ್ಸಿನದು ಮಾರ್ಚಿನದಾದರೆ ಲೆಕ್ಕಪರಿಶೋಧಕರು ಕೇಳುತ್ತಾರೆ, ತಯಾರಿಸಿದವರ ಹೆಸರು ದಾಖಲೆಯಲ್ಲಿರುತ್ತದೆ ಎಂದು ಹೇಳಿ. ಹೇಳಿದ್ದನ್ನು ಸೌಜನ್ಯದ ಒಂದು ಇ-ಮೇಲಿನಲ್ಲಿಯೂ ಬರೆಯಿರಿ. ಬರೀ ನಿರಾಕರಣೆಯ ಬದಲು ಒಂದು ದಾರಿಯನ್ನೂ ತೋರಿಸಿ: ಮಾರ್ಚ್ ಮೂರನೆಯ ವಾರದಲ್ಲೇ ಬಾಕಿ ಆರ್ಡರುಗಳ ಪಟ್ಟಿ ಮಾಡಿಕೊಟ್ಟು, ಸಾಗಿಸಬಹುದಾದುದನ್ನು 31ರೊಳಗೆ ಸಾಗಿಸುವಂತೆ ಮಾರಾಟ ವಿಭಾಗಕ್ಕೆ ನೆನಪಿಸಿ.

ಇದರಿಂದ ಏನೂ ತೊಂದರೆಯಾಗದು ಎಂದು ನಾನು ಭರವಸೆ ಕೊಡಲಾರೆ. ಬಡ್ತಿ ತಪ್ಪಬಹುದು, ನಿಮ್ಮನ್ನು ಬೇರೆ ಮೂಲೆಗೆ ಹಾಕಬಹುದು, ಆ ಬಿಲ್ಲನ್ನು ಪಕ್ಕದ ಹುಡುಗನಿಂದ ಮಾಡಿಸಬಹುದು. ಮನೆಯ ಕಂತಿರುವಾಗ ಇದು ಸಣ್ಣ ಮಾತಲ್ಲ, ಆದ್ದರಿಂದ ಮಾತಾಡುವ ಮೊದಲು ಗಂಡನೊಡನೆ ಕುಳಿತು, ಆರು ತಿಂಗಳ ಖರ್ಚಿಗೆ ಕೈಯಲ್ಲಿ ಎಷ್ಟಿದೆ ಎಂದು ಲೆಕ್ಕ ಹಾಕಿಕೊಳ್ಳಿ. ನಿಮಗೆ ಪರಿಚಯದ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರಿಂದ ನಿಮ್ಮ ಕಾನೂನು ಹೊಣೆ ಎಷ್ಟೆಂದು ತಿಳಿದುಕೊಳ್ಳಿ. ಹೇಳಿದ ಮೇಲೂ ಒತ್ತಡ ನಿಲ್ಲದಿದ್ದರೆ ಕೆಲಸ ಬದಲಿಸುವುದು ಎರಡನೆಯ ದಾರಿ. ಬದಲಿಸುವುದಾದರೆ "ಕ್ರೈಸ್ತ ಸಂಸ್ಥೆ" ಎಂಬ ಫಲಕ ನೋಡಿ ಮಾತ್ರ ಹೋಗಬೇಡಿ. ನಮ್ಮ ಶಾಲೆ, ಆಸ್ಪತ್ರೆಗಳಲ್ಲಿ ಅತಿ ಪ್ರಾಮಾಣಿಕವಾದ ಲೆಕ್ಕವನ್ನೂ ಕಂಡಿದ್ದೇನೆ, ಕಮಿಟಿಯವರ ಮುಲಾಜಿಗೆ ಬಾಗಿದ ಲೆಕ್ಕವನ್ನೂ ಕಂಡಿದ್ದೇನೆ. ಸಂಬಳ ಕಡಿಮೆ, "ಸೇವೆ ಎಂದು ತಿಳಿದು ಮಾಡಿ" ಎಂಬ ಮಾತು ಹೆಚ್ಚು ಇರುವಲ್ಲಿ ಎರಡು ಸಲ ಯೋಚಿಸಿ. ಯಜಮಾನರು ನ್ಯಾಯವಾದದ್ದನ್ನೂ ಸಮವಾದದ್ದನ್ನೂ ಕೊಡಬೇಕೆಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ಹೇಳುವುದು ಸಭೆಯ ಸಂಸ್ಥೆಗಳಿಗೂ ಸೇರಿಯೇ.

ಕೊನೆಯದಾಗಿ ಥಿಯಾಲಜಿ ಓದುವ ಪ್ರಶ್ನೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಸಭೆಯಲ್ಲಿ ಸ್ತ್ರೀಯರಿಗೆ ಗುರುದೀಕ್ಷೆಯೂ ಇದೆ, ಬೇರೆ ಉದ್ಯೋಗದಿಂದ ಬಂದು ಒಳ್ಳೆಯ ಸಭಾಪಾಲಕರಾದವರೂ ಇದ್ದಾರೆ. ಆದರೆ ಈಗ ನೀವಿರುವ ಕಚೇರಿಯಲ್ಲಿ ಹಳೆಯ ತಾರೀಖಿನ ಬಿಲ್ಲೂ ಇಲ್ಲದೆ, ಮೇಲಿನವರೂ ಒಳ್ಳೆಯವರಾಗಿ, ಸಂಬಳವೂ ಚೆನ್ನಾಗಿದ್ದರೆ ಆಗಲೂ ನೀವು ಹೋಗಬಯಸುತ್ತಿದ್ದಿರಾ ಎಂದು ಕೇಳಿಕೊಳ್ಳಿ. ಹೌದೆಂದರೆ ಆ ಬಯಕೆಗೆ ಮರ್ಯಾದೆ ಕೊಡಬೇಕು. ಇಲ್ಲವೆಂದರೆ ನಿಮಗೆ ಬೇಕಾಗಿರುವುದು ಬೇರೆ ಕಚೇರಿ. ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿ ಎಂದರೆ ನಾಲ್ಕೈದು ವರ್ಷಗಳ ಪೂರ್ಣಾವಧಿ ಓದು, ಡಯಾಸಿಸಿನ (ಬಿಷಪರ ಆಡಳಿತ ಪ್ರಾಂತದ) ಮೂಲಕ ಹೋಗಬೇಕಾದರೆ ಸಭೆಯ ಶಿಫಾರಸು, ಸಂದರ್ಶನಗಳಿವೆ, ಓದಿದವರಿಗೆಲ್ಲ ಸಭೆಯಲ್ಲಿ ಸ್ಥಾನ ಸಿಕ್ಕೀತೆಂಬ ಖಾತ್ರಿಯಿಲ್ಲ. ಆದ್ದರಿಂದ ಮೊದಲು ನೌಕರಿಯಲ್ಲಿದ್ದುಕೊಂಡೇ ಅಂಚೆ ಶಿಕ್ಷಣದ ಒಂದು ಕೋರ್ಸಿಗೆ ಸೇರಿ, ಜೊತೆಗೆ ಒಂದು ವರ್ಷ ನಿಮ್ಮ ಸಭೆಯ ಲೆಕ್ಕವನ್ನು ನೋಡಿಕೊಡಲು ಒಪ್ಪಿಕೊಳ್ಳಿ. ಸಭೆ ಒಳಗಿನಿಂದ ಹೇಗಿರುತ್ತದೆಂದು ಖಜಾಂಚಿಗಳಿಗೆ ತಿಳಿಯುವಷ್ಟು ಪ್ರಸಂಗಿಗಳಿಗೆ ತಿಳಿಯುವುದಿಲ್ಲ. ಆ ವರ್ಷ ಮುಗಿದ ಮೇಲೂ ಓದುವ ಬಯಕೆ ಉಳಿದಿದ್ದರೆ ಅರ್ಜಿ ತರಿಸಿಕೊಳ್ಳಿ, ಮನೆ ಸಾಲದ ಬಾಕಿ ಎಷ್ಟಿದೆಯೆಂಬ ಬ್ಯಾಂಕಿನ ಪತ್ರವನ್ನೂ ಜೊತೆಗಿಟ್ಟುಕೊಂಡು ನಿಮ್ಮ ಸಭಾಪಾಲಕರನ್ನು ಕಾಣಿ.